ದುರ್ಗ ಹತ್ತುವವರು ಕೆರೆ ಏರಿಗೂ ಬರಲಿ

ಮಳೆಗಾಲ ಮುಗಿದು ಚಳಿ ಹಿಡಿಯುತ್ತಿದ್ದಂತೆ ಶನಿವಾರ, ಭಾನುವಾರಗಳ ಬೆಳಗಿನ ಜಾವ ಬೆಂಗಳೂರಿನಿಂದ ಹೊರಟ ಬೈಕು, ಕಾರು, ಟೆಂಪೊ ಟ್ರಾವೆಲರ್‌ಗಳು ದಾಬಸ್‌ಪೇಟೆ ದಾಟಿ ಕೊರಟಗೆರೆಯ ಕಡೆಗೆ ಸಾಲುಗಟ್ಟುತ್ತವೆ. ಕೆಲವು ಸಿದ್ದರಬೆಟ್ಟಕ್ಕೆ, ಕೆಲವು ಸುತ್ತಲಿನವರು ಸಿ.ಎನ್. ದುರ್ಗ ಎಂದೇ ಕರೆಯುವ ಚನ್ನರಾಯನದುರ್ಗಕ್ಕೆ, ಬಹುಪಾಲು ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ. ಬೆಟ್ಟ ಹತ್ತಿ, ಕೋಟೆ ಬಾಗಿಲಲ್ಲಿ ನಿಂತು ಫೋಟೊ ತೆಗೆದು, ಕೆಳಗಿಳಿದು ಊಟದ ಹೊತ್ತಿಗೆ ಹೆದ್ದಾರಿ ಸೇರಿದರೆ ಒಂದು ದಿನದ ಪ್ರವಾಸ ಮುಗಿಯಿತು. ದುಡಿದು ದಣಿದ ನಗರದ ಜನಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಇಂಥ ಬೆಟ್ಟಗಳಿರುವುದು ಭಾಗ್ಯ. ಅವರು ಬರುವುದರ ಬಗ್ಗೆ ತಕರಾರಿಲ್ಲ, ಬರಲೇಬೇಕು. ನನ್ನ ತಕರಾರು ಈ ಪ್ರವಾಸವನ್ನು ನಾವು ಅರ್ಧಕ್ಕೇ ನಿಲ್ಲಿಸಿರುವುದರ ಬಗ್ಗೆ. ತುದಿಯಿಂದ ಕಣ್ಣಿಗೆ ಬೀಳುವ ಕೆರೆ, ಕಟ್ಟೆ, ತೋಟ, ಗದ್ದೆಗಳು ಪ್ರವಾಸಿಗೆ ಬರೀ ನೋಟ. ಅಲ್ಲಿಗೆ ಹೋಗುವ ದಾರಿಯನ್ನು ಯಾರೂ ತೋರಿಸುವುದಿಲ್ಲ. ಸರ್ಕಾರದ ಯೋಜನೆಗಳೂ ಬೆಟ್ಟದ ನೆತ್ತಿಯನ್ನೇ ನೋಡುತ್ತಿವೆ: ಮೆಟ್ಟಿಲು, ಕಂಬಿ, ವೀಕ್ಷಣಾ ಗೋಪುರ, ಮಧುಗಿರಿಯಲ್ಲಿ ವರ್ಷಗಳಿಂದ ಕೇಳಿಬರುತ್ತಿರುವ ರೋಪ್‌ವೇ. ಈ ಸೀಮೆಯ ಪ್ರವಾಸೋದ್ಯಮದ ಹಣ ಮೊದಲು ಹೋಗಬೇಕಾದದ್ದು ಬೆಟ್ಟದ ಬುಡದ ನೀರಿಗೆ. ಕೆರೆ ಉಳಿಯದಿದ್ದರೆ ದುರ್ಗದ ಮೇಲಿಂದ ನೋಡಲು ಏನೂ ಉಳಿಯುವುದಿಲ್ಲ.

ಚನ್ನರಾಯನದುರ್ಗದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 3,700 ಅಡಿ ಎತ್ತರದಲ್ಲಿದೆ. ಮಧುಗಿರಿ ಅದಕ್ಕಿಂತ ಸ್ವಲ್ಪ ಎತ್ತರ. ದೇವರಾಯನದುರ್ಗ, ಸಿದ್ದರಬೆಟ್ಟ, ಮಿಡಿಗೇಶಿ, ಪಾವಗಡ, ನಿಡಗಲ್ಲು ಎಂದು ಈ ಬೆಟ್ಟಗಳ ಸಾಲು ಉತ್ತರಕ್ಕೆ ಚಾಚಿಕೊಂಡಿದೆ. ಇದರ ಬೆನ್ನೆಲುಬನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಅದು. ರಾಮನಗರ, ಮಾಗಡಿ, ಮಧುಗಿರಿ, ಪಾವಗಡಗಳ ಮೇಲೆ ಹಾದು ಬಳ್ಳಾರಿ, ಹಂಪಿಯವರೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹರಡಿರುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಜ್ವಾಲಾಮುಖಿಯಲ್ಲಿ ಹೊರಕ್ಕೆ ಉಕ್ಕುವಂಥದೇ ಶಿಲಾಪಾಕ ಇಲ್ಲಿ ಹೊರಬರದೆ ನೆಲದ ಆಳದಲ್ಲೇ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿನ ಪದರಗಳು ಯುಗಯುಗಗಳಲ್ಲಿ ಸವೆದು ಹೋದಾಗ ಬೋಳು ಬೆಟ್ಟಗಳು ಹೊರಗೆ ಕಂಡವು. ಈಗಲೂ ಬಿಸಿಲು, ಮಳೆಗೆ ಅವು ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿಯುತ್ತಿರುತ್ತವೆ. ಲಾವಾ ಹೊರಕ್ಕೆ ಉಕ್ಕಿದ ಕುರುಹು ನೋಡಬೇಕೆನ್ನುವವರಿಗೆ ಶಿರಾದಿಂದ ಮುಂದೆ ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಶಿಲೆಗಳಿವೆ. ನೀರಿನಡಿಯಲ್ಲಿ ಉಕ್ಕಿ ತಣಿದ ಆ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಎಷ್ಟು ಮಂದಿ?

ಜಗತ್ತಿನ ಪ್ರವಾಸಿಗರು ಹುಡುಕಿಕೊಂಡು ಹೋಗುವ ಜ್ವಾಲಾಮುಖಿ ದ್ವೀಪಗಳಿಗೂ ನಮ್ಮ ಸೀಮೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ನನ್ನ ವಾದ ನಿಂತಿರುವುದು ಅದರ ಮೇಲೆ. ಅಟ್ಲಾಂಟಿಕ್ ಸಾಗರದಲ್ಲಿ ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ದ್ವೀಪಸಮೂಹವಿದೆ. ಅದರ ಸಾವೊ ಮಿಗೆಲ್ ದ್ವೀಪದಲ್ಲಿ ಒಂದೇ ದಿನದಲ್ಲಿ ಕೆರೆಗಳನ್ನೂ ವೀಕ್ಷಣಾ ತಾಣಗಳನ್ನೂ ಸುತ್ತಿಸುವ ಪ್ರವಾಸಗಳು ನಡೆಯುತ್ತವೆ. ಅಲ್ಲಿನ ಸೆಟೆ ಸಿದಾದೆಸ್ ಎಂಬಲ್ಲಿ ಜ್ವಾಲಾಮುಖಿಯ ಬಾಯಿ ಕುಸಿದು ಸುಮಾರು ಐದು ಕಿಲೋಮೀಟರ್ ಅಗಲದ ಬೋಗುಣಿಯಾಗಿದೆ. ಅದರಲ್ಲಿ ಮಳೆ ನೀರು ನಿಂತು ಒಂದು ನೀಲಿ, ಒಂದು ಹಸಿರು ಕೆರೆಯಾಗಿವೆ. ಬೋಗುಣಿಯನ್ನು ಪ್ರಕೃತಿಯೇ ಮಾಡಿಕೊಟ್ಟಿದೆ. ಮನುಷ್ಯ ಇಲ್ಲದಿದ್ದರೂ ಆ ಕೆರೆ ಇರುತ್ತಿತ್ತು. ಚನ್ನರಾಯನದುರ್ಗದ ಸುತ್ತ ಪ್ರಕೃತಿ ಕೊಟ್ಟಿರುವುದು ಬಂಡೆ ಮತ್ತು ಇಳಿಜಾರು ಮಾತ್ರ. ಇಲ್ಲಿ ಕಾಣುವ ಪ್ರತಿ ಕೆರೆಯೂ ಯಾರೋ ಮಣ್ಣು ಹೊತ್ತು ಏರಿ ಹಾಕಿದ್ದು, ಯಾರೋ ಕಲ್ಲು ಕೆತ್ತಿ ತೂಬು ಇಟ್ಟಿದ್ದು, ಕೋಡಿ ಒಡೆದಾಗಲೆಲ್ಲ ಊರು ಸೇರಿ ಕಟ್ಟಿಕೊಂಡಿದ್ದು. ನೋಡಿಕೊಳ್ಳುವವರು ಇರುವಷ್ಟು ಕಾಲ ಮಾತ್ರ ಇಂಥ ಕೆರೆ ಬಾಳುತ್ತದೆ. ಒಂದೆರಡು ತಲೆಮಾರು ಕೈಬಿಟ್ಟರೆ ಏರಿ ಬಿರಿಯುತ್ತದೆ, ಅಂಗಳ ಹೂಳು ತುಂಬಿ ಬಳ್ಳಾರಿ ಜಾಲಿಯ ಕಾಡಾಗುತ್ತದೆ. ಹಾಗಾಗಿ ನಮ್ಮಲ್ಲಿ ನೋಟವನ್ನು ಮಾರುವವರು ನೋಟವನ್ನು ಕಾಯುವ ಖರ್ಚನ್ನೂ ಹೊರಬೇಕು.

ಈ ಬೆಟ್ಟಗಳಿಗೂ ಕೆರೆಗಳಿಗೂ ಇರುವ ನಂಟು ಲೆಕ್ಕಕ್ಕೆ ಸಿಗುವಂಥದು. ಉತ್ತರ ತುಮಕೂರಿನ ತಾಲ್ಲೂಕುಗಳಲ್ಲಿ ವರ್ಷದ ಮಳೆ ಸುಮಾರು 500ರಿಂದ 700 ಮಿಲಿಮೀಟರ್. ಅದರಲ್ಲೂ ಹೆಚ್ಚಿನದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಕೆಲವೇ ಜೋರು ಮಳೆಗಳಲ್ಲಿ ಬಂದುಹೋಗುತ್ತದೆ. ಹೊಲದ ಮೇಲೆ ಬಿದ್ದ ಹತ್ತು ಮಿಲಿಮೀಟರ್ ಮಳೆಯನ್ನು ನೆಲವೇ ಕುಡಿದುಬಿಡುತ್ತದೆ. ಬೋಳು ಬಂಡೆ ಕುಡಿಯುವುದಿಲ್ಲ. ಒಂದು ಹೆಕ್ಟೇರ್ ಹಾಸುಬಂಡೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು; ಸ್ವಲ್ಪ ಆವಿಯಾಗಿ, ಸ್ವಲ್ಪ ಬಿರುಕುಗಳಿಗೆ ಇಳಿದು, ಉಳಿದದ್ದೆಲ್ಲ ಕೆಳಗೆ ಹರಿಯುತ್ತದೆ. ನೂರಾರು ಹೆಕ್ಟೇರ್ ಬಂಡೆ ಮೈ ಇರುವ ಬೆಟ್ಟವೊಂದು ಒಂದು ಸಂಜೆಯ ಮಳೆಯಲ್ಲಿ ಎಷ್ಟು ನೀರು ಇಳಿಸಬಲ್ಲದು ಎಂಬುದನ್ನು ಇದರಿಂದ ಅಂದಾಜು ಮಾಡಬಹುದು. ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು. ಕೋಟೆಯೊಳಗೆ ಬಂಡೆಯ ತಗ್ಗುಗಳಲ್ಲಿ ನೀರು ನಿಲ್ಲುವ ದೊಣೆಗಳನ್ನು ಕಾಪಾಡಿಕೊಂಡರು. ನೀರಿಲ್ಲದ ದುರ್ಗ ಮುತ್ತಿಗೆಯನ್ನು ತಾಳಿಕೊಳ್ಳುವುದು ಸಾಧ್ಯವೇ ಇಲ್ಲ. ಬೆಟ್ಟದ ಬುಡದಲ್ಲಿ ಮೊದಲು ಕುಂಟೆ, ಅದರ ಕೆಳಗೆ ಕಟ್ಟೆ, ಅದರ ಕೋಡಿ ನೀರು ಬೀಳುವಲ್ಲಿ ಕೆರೆ, ಅದರ ಕೆಳಗೆ ಇನ್ನೊಂದು ಕೆರೆ ಎಂದು ಸಾಲಾಗಿ ಕಟ್ಟಿದರು. ಮಧುಗಿರಿಯ ಪಾಳೆಯಗಾರರು, ಅವರ ನಂತರ 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬಂದ ಮೈಸೂರಿನವರು, ಆಮೇಲೆ ಕೋಟೆಯನ್ನು ಬಲಪಡಿಸಿದ ಹೈದರಾಲಿ, ನಡುವೆ ಬಂದುಹೋದ ಮರಾಠರು, ಎಲ್ಲರೂ ಈ ದುರ್ಗಗಳಿಗಾಗಿ ಕಾದಾಡಿದರು. ಕೋಟೆಯ ಇತಿಹಾಸ ಹೇಳುವ ಫಲಕಗಳಲ್ಲಿ ಇವರ ಹೆಸರುಗಳು ಸಿಗುತ್ತವೆ. ಇವರಿಗೆಲ್ಲ ಕಂದಾಯ ಕೊಟ್ಟ ಅಚ್ಚುಕಟ್ಟಿನ ಮಾತು ಆ ಫಲಕಗಳಲ್ಲಿ ಇರುವುದಿಲ್ಲ.

ಕೆರೆಗಿಂತಲೂ ಈ ಸೀಮೆಯದೇ ಎನ್ನಬಹುದಾದ ಇನ್ನೊಂದು ನೀರಿನ ವ್ಯವಸ್ಥೆ ತಲಪರಿಗೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆಯ ಹಿರಿಯರನ್ನು ಕೇಳಿದರೆ ಅದರ ವಿಷಯ ಗಂಟೆಗಟ್ಟಲೆ ಹೇಳುತ್ತಾರೆ. ಗ್ರಾನೈಟ್ ಶಿಲೆ ಕೊಳೆತು ಗರಸು, ಮರಳಾದ ಪದರದಲ್ಲಿ ಮಳೆ ನೀರು ಇಂಗಿ ನಿಂತಿರುತ್ತದೆ. ಹಳ್ಳದ ದಂಡೆಯಲ್ಲೋ ಕೆರೆಯ ಹಿಂದೆ ಮುಂದೆಯೋ ತಕ್ಕ ಜಾಗ ನೋಡಿ ಅಗೆದರೆ ಆ ನೀರು ತಾನಾಗಿ ಒಸರುತ್ತದೆ. ಅದಕ್ಕೆ ಕಲ್ಲು ಕಟ್ಟಿ, ಕಾಲುವೆ ತೆಗೆದು ಹೊಲಕ್ಕೆ ಹರಿಸಿದರೆ ಏತವಿಲ್ಲ, ಕಪಿಲೆಯಿಲ್ಲ, ಪಂಪಿಲ್ಲ. ಮೈಸೂರು ಸಂಸ್ಥಾನದ ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಕೂಡ ಈ ಭಾಗದ ತಲಪರಿಗೆಗಳನ್ನು ಗುರುತಿಸಿದ್ದಾರೆ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಅದರ ಹೂಳು ತೆಗೆಯುತ್ತಿದ್ದರು. ಸರದಿಯ ಪ್ರಕಾರ ನೀರು ಹಂಚುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಅಂತರ್ಜಲ ಇಳಿಯಿತು, ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಸಾವಿರ ಅಡಿ ಕೊರೆದರೂ ನೀರು ಕಾಣದ ಊರುಗಳಲ್ಲಿ ಹತ್ತಾರು ಅಡಿಯಲ್ಲೇ ನೀರು ಒಸರುತ್ತಿದ್ದ ಜಾಗ ಇವತ್ತು ಕಸದ ಗುಂಡಿಯಾಗಿರುವುದು ದುಃಖದ ಸಂಗತಿ. ಆದರೂ ಒಳ್ಳೆ ಮಳೆಯಾದ ವರ್ಷ ಕೆಲವು ತಲಪರಿಗೆಗಳು ಮತ್ತೆ ಜೀವ ಪಡೆಯುತ್ತವೆ. ಮೂಲ ಸತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಗ್ರಾನೈಟ್ ಬೆಟ್ಟ ಹತ್ತಿ ಇಳಿದ ಪ್ರವಾಸಿಗೆ ಅದೇ ಗ್ರಾನೈಟ್ ಕೊಳೆತು ನೀರು ಹಿಡಿದಿಟ್ಟ ಬಗೆಯನ್ನು ಅರ್ಧ ಗಂಟೆಯಲ್ಲಿ ತೋರಿಸಬಹುದು. ಇಂಥದು ನಂದಿಬೆಟ್ಟದಲ್ಲಿ ಸಿಗುವುದಿಲ್ಲ, ಕೊಡಗಿನಲ್ಲೂ ಸಿಗುವುದಿಲ್ಲ.

ಈಗ ಕೆರೆಗಳ ಸ್ಥಿತಿ. ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳೆಂದು ಕೊರಟಗೆರೆ, ಮಧುಗಿರಿಗಳ ಹೆಸರು ವರ್ಷಗಳಿಂದ ಕೇಳಿಬರುತ್ತಿದೆ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತೇವೆ. ಅವುಗಳ ಆಡಳಿತ ಮಾತ್ರ ಹರಿದು ಹಂಚಿಹೋಗಿದೆ. ನಲವತ್ತು ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನವು ಪಂಚಾಯಿತಿ ವ್ಯವಸ್ಥೆಗೆ, ಅದಕ್ಕೂ ಮೇಲಿನವು ಸಣ್ಣ ನೀರಾವರಿ ಇಲಾಖೆಗೆ. ಬೆಟ್ಟ ಅರಣ್ಯ ಇಲಾಖೆಯದೋ ಕಂದಾಯ ಇಲಾಖೆಯದೋ ಆಗಿರುತ್ತದೆ, ಮಧುಗಿರಿಯ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ಪ್ರವಾಸಿಗರು ಪ್ರವಾಸೋದ್ಯಮ ಇಲಾಖೆಯವರು. ಬೆಟ್ಟದಿಂದ ಕೆರೆಗೆ ನೀರು ತರುವ ಹಳ್ಳ ಮತ್ತು ಕಾಲುವೆಗಳನ್ನು ತನ್ನದು ಎಂದು ಹೇಳಿಕೊಳ್ಳುವ ಇಲಾಖೆಯೇ ಇಲ್ಲ. ಒತ್ತುವರಿಯಾಗುವುದು, ಮುಚ್ಚಿಹೋಗುವುದು ಅವೇ. ಬೆಟ್ಟದ ಮೈಯಲ್ಲಿ ಕಲ್ಲುಗಣಿ ಬಂದರೆ ನೀರಿಳಿಯುವ ದಾರಿಯೇ ತಪ್ಪುತ್ತದೆ, ಕಲ್ಲುಪುಡಿ ಕೆರೆಯಂಗಳಕ್ಕೆ ಇಳಿಯುತ್ತದೆ. ಹೀಗಿದ್ದೂ 2022ರ ಮಳೆಗಾಲದಲ್ಲಿ ಜಯಮಂಗಲಿ ನದಿ ತುಂಬಿ ಹರಿದಾಗ, ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಕೋಡಿ ನೋಡಲು ಸುತ್ತಲ ಊರುಗಳ ಜನ ಮಕ್ಕಳನ್ನು ಕಟ್ಟಿಕೊಂಡು ಬಂದರು, ಗಂಗಮ್ಮನಿಗೆ ಪೂಜೆ ಮಾಡಿದರು, ಬಾಗಿನ ಬಿಟ್ಟರು. ಕೆರೆ ನೋಡಲು ಯಾರು ಬರುತ್ತಾರೆ ಎಂದು ಕೇಳುವವರಿಗೆ ಆ ಜನಸಾಗರವೇ ಉತ್ತರ.

ಕೆರೆ ಉಳಿಯಬೇಕಾದರೆ ಸುತ್ತಲ ನೆಲವನ್ನೂ ಕಾಯಬೇಕು ಎಂಬ ಪಾಠವನ್ನು ಪ್ರಕೃತಿಯೇ ಮಾಡಿಕೊಟ್ಟ ಕೆರೆಗಳ ದ್ವೀಪವೂ ಕಷ್ಟಪಟ್ಟು ಕಲಿಯಿತು. ಸಾವೊ ಮಿಗೆಲ್ ದ್ವೀಪದ ಆರ್ಥಿಕತೆ ಹೈನುಗಾರಿಕೆಯ ಮೇಲೆ ನಿಂತಿದೆ. ಅಲ್ಲಿನ ಫುರ್ನಾಸ್ ಕೆರೆಯ ಸುತ್ತಲ ಇಳಿಜಾರುಗಳಲ್ಲಿ ಕಾಡು ಕಡಿದು ಹುಲ್ಲುಗಾವಲು ಮಾಡಿದರು. ಗೊಬ್ಬರ ಮತ್ತು ಸಗಣಿಯ ಪೋಷಕಾಂಶಗಳು ಮಳೆ ನೀರಿನೊಂದಿಗೆ ಕೆರೆಗೆ ಇಳಿದು ಪಾಚಿ ಹಬ್ಬಿ ನೀರು ಕೆಟ್ಟಿತು. ಕೊನೆಗೆ ಅಲ್ಲಿನ ಸರ್ಕಾರ ಕೆರೆಯ ಜಲಾನಯನದ ಹುಲ್ಲುಗಾವಲು ಭೂಮಿಯನ್ನು ಹಣ ಕೊಟ್ಟು ಕೊಂಡು, ಅಲ್ಲಿ ಸ್ಥಳೀಯ ಮರಗಳನ್ನು ಮತ್ತೆ ನೆಡಬೇಕಾಯಿತು. ಸೆಟೆ ಸಿದಾದೆಸ್‌ನ ಎರಡು ಕೆರೆಗಳನ್ನು ಮೇಲಿನಿಂದ ನೋಡುವ ಪ್ರಸಿದ್ಧ ತಾಣಕ್ಕೆ, 1901ರಲ್ಲಿ ಪೋರ್ಚುಗಲ್ ದೊರೆ ಕಾರ್ಲೋಸ್ ಬಂದು ನಿಂತ ನೆನಪಿಗೆ, ರಾಜನ ನೋಟ ಎಂದು ಹೆಸರಿದೆ. ಅದರ ಬಗಲಲ್ಲೇ ಮಾಂಟೆ ಪ್ಯಾಲೇಸ್ ಎಂಬ ಐಷಾರಾಮಿ ಹೋಟೆಲ್ ಕಟ್ಟಿದರು. 1989ರಲ್ಲಿ ತೆರೆದ ಆ ಹೋಟೆಲ್ ಎರಡು ವರ್ಷ ತುಂಬುವ ಮೊದಲೇ ಬಾಗಿಲು ಹಾಕಿ, ದಶಕಗಳ ಕಾಲ ಪಾಳುಬಿದ್ದು ನಿಂತಿತು. ನೋಟದ ತಾಣದಲ್ಲೇ ಕಟ್ಟಡ ಎಬ್ಬಿಸಿದರೆ ಪ್ರವಾಸಿಗರು ಉಳಿಯುತ್ತಾರೆ ಎಂಬ ಲೆಕ್ಕ ಅಲ್ಲಿ ನಿಲ್ಲಲಿಲ್ಲ. ಜನ ಇವತ್ತಿಗೂ ಆ ದ್ವೀಪಕ್ಕೆ ಹೋಗುವುದು ಕೆರೆ ನೋಡಲು. ಕೆರೆಯ ಸುತ್ತಲ ನೆಲಕ್ಕೆ ಹಾಕಿದ ಹಣ ಅದಕ್ಕೇ ಫಲ ಕೊಟ್ಟಿತು.

ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಮಾದರಿಗಳಿವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರ ನಡುವಿನ ಮರಗಳವು. ಹಿಕ್ಕೆಯ ವಾಸನೆ, ಮರಿಗಳ ಗದ್ದಲ ಎಲ್ಲವನ್ನೂ ಸಹಿಸಿಕೊಂಡು, ಹುಣಸೆ ಫಸಲಿನ ಆಸೆಯನ್ನೂ ಬದಿಗಿಟ್ಟು ಊರವರೇ ಹಕ್ಕಿಗಳನ್ನು ಕಾಯುತ್ತಾ ಬಂದಿದ್ದಾರೆ. ಹಕ್ಕಿ ನೋಡಲು ಹೊರಗಿನಿಂದ ಜನ ಬರುತ್ತಾರೆ. ಆ ಕೊಕ್ಕರೆಗಳಿಗೆ ಮರದಷ್ಟೇ ಮುಖ್ಯವಾದದ್ದು ಸುತ್ತಲ ಕೆರೆಗಳ ಮೀನು. ಕೆರೆಗಳು ಒಣಗಿದ ವರ್ಷ ಹುಣಸೆ ಮರ ಇದ್ದೂ ಪ್ರಯೋಜನವಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಬಯಲಿನಲ್ಲಿ ಹಿಂಡು ಹಿಂಡಾಗಿ ಜಿಗಿಯುವ ಕೃಷ್ಣಮೃಗಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಅದಕ್ಕಾಗಿ ಅಲ್ಲಿ ದೊಡ್ಡ ಕಟ್ಟಡಗಳೇನೂ ಬೇಕಾಗಲಿಲ್ಲ. ಬಯಲು ಬಯಲಾಗಿಯೇ ಉಳಿದದ್ದು ಸಾಕಾಯಿತು. ಈ ಮೀಸಲಿಗೆ ಹೆಸರು ಕೊಟ್ಟ ಜಯಮಂಗಲಿ ಹುಟ್ಟುವುದು ದೇವರಾಯನದುರ್ಗದ ಬೆಟ್ಟಗಳಲ್ಲಿ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು, ತೀತಾ ಜಲಾಶಯವನ್ನು ತುಂಬಿಸಿ, ಆಂಧ್ರದ ಗಡಿ ದಾಟಿ ಅದು ಉತ್ತರ ಪಿನಾಕಿನಿಯನ್ನು ಸೇರುತ್ತದೆ.

ಒಂದು ದಿನದ ಪ್ರವಾಸಕ್ಕೆ ಬೇಕಾದ ದಾರಿಯನ್ನು ಈ ನದಿಯೇ ಹಾಕಿಕೊಟ್ಟಿದೆ. ಬೆಳಿಗ್ಗೆ ತಂಪಿನಲ್ಲಿ ಚನ್ನರಾಯನದುರ್ಗ ಹತ್ತಿ ದೊಣೆ, ಕೋಟೆಗಳನ್ನು ನೋಡುವುದು; ಮೇಲಿನಿಂದ ಕೆರೆಗಳ ಸಾಲನ್ನು ಗುರುತಿಸುವುದು; ಇಳಿದು ಅದೇ ಸಾಲಿನ ಒಂದು ಕೆರೆಯ ಏರಿಯ ಮೇಲೆ ನಡೆದು ತೂಬು, ಕೋಡಿ, ಅಚ್ಚುಕಟ್ಟು ನೋಡುವುದು; ಒಂದು ತಲಪರಿಗೆ; ಊರಿನ ಸ್ತ್ರೀಶಕ್ತಿ ಸಂಘದವರು ಮಾಡಿದ ರಾಗಿ ಮುದ್ದೆ, ಅವರೆಕಾಳು ಸಾರಿನ ಊಟ; ಮಧ್ಯಾಹ್ನದ ನಂತರ ಗೊರವನಹಳ್ಳಿ, ತೀತಾ ಜಲಾಶಯ; ದೂರ ಹೋಗುವ ಮನಸ್ಸಿದ್ದರೆ ಸಂಜೆಗೆ ಮೈದನಹಳ್ಳಿಯ ಬಯಲು. ಇದಕ್ಕೆ ಹೊಸ ರಸ್ತೆಯೂ ಬೇಡ, ಹೊಸ ಕಟ್ಟಡವೂ ಬೇಡ. ಬೇಕಾದದ್ದು ಬೆಟ್ಟದ ಬುಡದಲ್ಲಿ ಒಂದು ಪ್ರವೇಶ ಶುಲ್ಕ, ಅದರ ಹಣ ಜಿಲ್ಲಾ ಖಜಾನೆ ಸೇರದೆ ಆಯಾ ಗ್ರಾಮ ಪಂಚಾಯಿತಿಯ ಕೆರೆ ಖಾತೆಗೆ ಹೋಗುವ ನಿಯಮ, ಆ ಖಾತೆಯ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದುವ ಕಟ್ಟಳೆ. ನೀರುಗಂಟಿ ಮನೆತನದವರು, ಕೆರೆ ಬಳಕೆದಾರರ ಸಂಘದವರು, ಓದಿ ಕೆಲಸ ಹುಡುಕುತ್ತಿರುವ ಊರಿನ ಹುಡುಗ ಹುಡುಗಿಯರು ಮಾರ್ಗದರ್ಶಿಗಳಾಗಬಲ್ಲರು. ತೂಬಿನ ಬಾಯಿ ಯಾವಾಗ ತೆಗೆಯುತ್ತಿದ್ದರು, ಕೊನೆಯ ಗದ್ದೆಗೆ ನೀರು ಮುಟ್ಟಿಸುವುದು ಹೇಗೆ ಎಂದು ಅವರಿಗಿಂತ ಚೆನ್ನಾಗಿ ಹೇಳುವವರು ಬೆಂಗಳೂರಿನ ಟ್ರೆಕ್ಕಿಂಗ್ ಕಂಪನಿಗಳಲ್ಲಿ ಸಿಗುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ರೋಪ್‌ವೇ ಪರವಾದ ವಾದ. ವಯಸ್ಸಾದವರು, ಅಂಗವಿಕಲರು, ಮಂಡಿನೋವಿನವರು ಮಧುಗಿರಿ ಬೆಟ್ಟ ಹತ್ತಲಾರರು. ಅವರಿಗೂ ಮೇಲಿನ ನೋಟ ಸಿಗಬೇಡವೇ, ರೋಪ್‌ವೇ ಬಂದರೆ ಊರಿಗೆ ನೂರಾರು ಕೆಲಸ ಬರುವುದಿಲ್ಲವೇ ಎಂದು ಕೇಳುತ್ತಾರೆ. ಕೇಳುವ ಕಾಳಜಿ ನಿಜವಾದದ್ದು. ಆದರೆ ಹತ್ತಲಾರದವರನ್ನು ನೆನೆದು ಮಾಡುವ ಖರ್ಚು ಮೊದಲು ಅವರು ಸುಲಭವಾಗಿ ತಲುಪುವ ಜಾಗಕ್ಕೆ ಹೋಗಬೇಕಲ್ಲವೇ? ಕೆರೆ ಏರಿ ಸಮತಟ್ಟಾದದ್ದು. ಗಾಲಿಕುರ್ಚಿಯೂ ಹೋಗುವಂತೆ ಅದನ್ನು ಮಟ್ಟ ಮಾಡಿ, ನೆರಳಿಗೆ ಹೊಂಗೆ, ಬೇವು ಬೆಳೆಸಿ, ಕೂರಲು ಕಲ್ಲು ಚಪ್ಪಡಿ ಹಾಕಿಸುವುದಕ್ಕೆ ಆಗುವ ಖರ್ಚು ರೋಪ್‌ವೇಯ ಒಂದು ಸಣ್ಣ ಭಾಗ. ರಕ್ಷಿತ ಸ್ಮಾರಕವಾದ ಕೋಟೆಯ ನೆತ್ತಿಯಲ್ಲಿ ನಿಲ್ದಾಣ ಕಟ್ಟುವುದು ಇನ್ನೊಂದು ಸಮಸ್ಯೆ. ಇಷ್ಟು ದಿನ ಹತ್ತುವ ಕಷ್ಟವೇ ಮಿತಿಗೊಳಿಸಿದ್ದ ಜನಸಂಖ್ಯೆಯನ್ನು ಆ ಬಂಡೆಯ ಮೇಲೆ ಒಮ್ಮೆಲೇ ಇಳಿಸಿದರೆ ನೀರು, ಶೌಚಾಲಯ, ಕಸ ಎಲ್ಲವನ್ನೂ ಅಲ್ಲಿಗೇ ಒಯ್ಯಬೇಕಾಗುತ್ತದೆ. ಕೆಲಸದ ಮಾತಿಗೆ ಬಂದರೆ, ಯಂತ್ರ ನಡೆಸುವ ಕೆಲವರಿಗೆ ಸಂಬಳ ಸಿಗುತ್ತದೆ, ಟಿಕೆಟ್ಟಿನ ಲಾಭ ಗುತ್ತಿಗೆದಾರರದು. ಕೆರೆ ತುಂಬಿದರೆ ದುಡಿಯುವುದು ಇಡೀ ಅಚ್ಚುಕಟ್ಟು.

ಎರಡನೆಯ ಆಕ್ಷೇಪ ಹೆಚ್ಚು ಕಠಿಣ. ಐದು ವರ್ಷಕ್ಕೆ ಮೂರು ವರ್ಷ ಕೆರೆಗಳು ಖಾಲಿಯಿರುವ ಸೀಮೆಯಲ್ಲಿ ಕೆರೆ ಪ್ರವಾಸ ಎಂದರೆ ಏನು ತೋರಿಸುತ್ತೀರಿ ಎಂಬ ಪ್ರಶ್ನೆ. ಮಳೆ ಕೈಕೊಟ್ಟ ವರ್ಷ ಬರುವವರು ಕಡಿಮೆಯಾಗುತ್ತಾರೆ, ಇದನ್ನು ಒಪ್ಪಲೇಬೇಕು. ಮಳೆಯನ್ನು ನಂಬಿದ ಬೇಸಾಯದ ಹಾಗೆ ಈ ಪ್ರವಾಸಕ್ಕೂ ಕಾಲವಿದೆ, ಅಕ್ಟೋಬರ್‌ನಿಂದ ಫೆಬ್ರುವರಿ ಅದರ ಸುಗ್ಗಿ. ಆದರೂ ಒಣಗಿದ ಕೆರೆಯನ್ನು ಮುಚ್ಚಿಡಬೇಕಾಗಿಲ್ಲ. ನೀರಿಲ್ಲದಾಗಲೇ ತೂಬಿನ ಕಲ್ಲುಗೆಲಸ ಪೂರ್ತಿ ಕಾಣುತ್ತದೆ, ಹೂಳಿನ ಪದರ ಕಾಣುತ್ತದೆ, ಒತ್ತುವರಿಯೂ ಕಾಣುತ್ತದೆ. ಬೇಸಿಗೆಯಲ್ಲಿ ರೈತರು ಕೆರೆಯ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವುದನ್ನು ನಗರದ ಮಗು ನೋಡಬೇಕು. ನಲ್ಲಿಯ ಹಿಂದೆ ಏನಿದೆ ಎಂಬುದು ಅದಕ್ಕೆ ತಿಳಿಯಬೇಕು. ಕೊರತೆಯ ನೆಲ ಬೇರೆ ಬೇರೆ ಹಾದಿ ಹುಡುಕಿಕೊಳ್ಳುತ್ತದೆ ಎಂಬುದನ್ನೂ ಮರೆಯಬಾರದು. ಪಾವಗಡದ ತಿರುಮಣಿ ಸುತ್ತಲಿನ ಐದು ಊರುಗಳ ರೈತರು ಮಳೆಯಿಲ್ಲದ ಸುಮಾರು 13 ಸಾವಿರ ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದರಿಂದ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದಿತು. ಕೊರಟಗೆರೆ, ಮಧುಗಿರಿಗಳಿಗೆ ಬೆಟ್ಟ ಮತ್ತು ಕೆರೆ ಎರಡೂ ಇವೆ. ಅಷ್ಟು ದೊಡ್ಡ ತ್ಯಾಗವಿಲ್ಲದೆಯೇ ಅವು ಉಳಿಯಲು ಸಾಧ್ಯವಿದೆ.

ಪಶ್ಚಿಮ ಘಟ್ಟದಿಂದ ಎತ್ತಿನಹೊಳೆ ಯೋಜನೆಯ ನೀರು ಬರುತ್ತಿದೆ, ಕೆರೆಗಳು ತಾವೇ ತುಂಬುತ್ತವೆ, ಈ ಚಿಂತೆ ಯಾಕೆ ಎನ್ನುವವರೂ ಇದ್ದಾರೆ. 2014ರಲ್ಲಿ 12,912 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ಆ ಯೋಜನೆಯ ಅಂದಾಜು 23 ಸಾವಿರ ಕೋಟಿ ದಾಟಿದೆ. ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದರ ಭಾಗವಾಗಿ ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲು ಬಳಿ ಉದ್ದೇಶಿಸಿದ ಜಲಾಶಯದ ಮುಳುಗಡೆ ಮತ್ತು ಪರಿಹಾರದ ವಿವಾದ ಎಷ್ಟು ವರ್ಷ ಎಳೆಯಿತು ಎಂಬುದು ಇಲ್ಲಿನವರಿಗೆ ಗೊತ್ತು. ಪಶ್ಚಿಮ ಘಟ್ಟದ ನೀರು ಬರಲಿ, ಬಂದರೆ ಒಳ್ಳೆಯದೇ. ಆದರೆ ಇನ್ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತಂದ ನೀರನ್ನು ಹೂಳು ತುಂಬಿದ, ಏರಿ ಸೋರುವ ಕೆರೆಗೆ ಬಿಟ್ಟರೆ ಆ ಹಣ ನೆಲದಲ್ಲಿ ಇಂಗಿಹೋದಂತೆಯೇ. ನಮ್ಮದೇ ಬಂಡೆಯ ಮೇಲೆ ಬಿದ್ದ ಲಕ್ಷಾಂತರ ಲೀಟರ್ ನೀರು ಕಾಲುವೆ ಮುಚ್ಚಿಹೋಗಿದೆ ಎಂಬ ಒಂದೇ ಕಾರಣಕ್ಕೆ ರಸ್ತೆ ಮೇಲೆ ಹರಿದು ಪೋಲಾಗುವುದನ್ನು ಮೊದಲು ತಡೆಯೋಣ. ದೂರದ ನೀರು ಬಂದಾಗಲೂ ಅದನ್ನು ಹಿಡಿದಿಡುವುದು ಇದೇ ಕೆರೆಗಳು.

ಕೊನೆಯದಾಗಿ, ಪ್ರವಾಸಿಗರನ್ನು ಕೆರೆಗೂ ಕಳಿಸಿದರೆ ಈಗ ಬೆಟ್ಟದ ಮೇಲಿರುವ ಪ್ಲಾಸ್ಟಿಕ್, ಮದ್ಯದ ಬಾಟಲಿ, ಡಿಜೆ ಸದ್ದು ಕೆರೆಗೂ ಬರುತ್ತದೆ ಎಂಬ ಭಯ. ಈ ಭಯಕ್ಕೆ ಆಧಾರವಿದೆ. ರಾತ್ರಿ ಟ್ರೆಕ್ಕಿಂಗ್ ಹೆಸರಿನಲ್ಲಿ ಕರಡಿ, ಚಿರತೆಗಳಿರುವ ಈ ಬೆಟ್ಟಗಳಲ್ಲಿ ಬೆಂಕಿ ಹಾಕುವವರೂ ಇದ್ದಾರೆ; ಫೆಬ್ರುವರಿ, ಮಾರ್ಚ್‌ನಲ್ಲಿ ಒಂದು ಕಿಡಿ ಸಾಕು, ಬಾದೆ ಹುಲ್ಲಿನ ಇಳಿಜಾರು ಪೂರ್ತಿ ಸುಟ್ಟುಹೋಗುತ್ತದೆ. ಇದಕ್ಕೆ ಮದ್ದು ಸಂಖ್ಯೆಯ ಮಿತಿ ಮತ್ತು ಊರಿನ ಉಸ್ತುವಾರಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಸಂತೆಯಂತೆ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಮಂದಿಯ ಮಿತಿ ಹಾಕಿತು. ಅಂಥದೇ ಮಿತಿ ಚನ್ನರಾಯನದುರ್ಗಕ್ಕೂ ಮಧುಗಿರಿಗೂ ಬೇಕು. ಸೂರ್ಯಾಸ್ತದ ನಂತರ ಪ್ರವೇಶವಿಲ್ಲ ಎಂಬ ನಿಯಮ ಕಡ್ಡಾಯವಾಗಬೇಕು. ಕೆರೆಯನ್ನು ತನ್ನದು ಎಂದು ತಿಳಿದ ಊರು ಕಾವಲಿಗೆ ನಿಂತರೆ ಬಾಟಲಿ ಒಡೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಕಗ್ಗಲಡುವಿನ ಹಕ್ಕಿಗಳನ್ನು ಇಷ್ಟು ವರ್ಷ ಕಾದದ್ದು ಅಂಥ ಊರೇ.

ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ ಮತ್ತು ಸಣ್ಣ ನೀರಾವರಿ ಇಲಾಖೆಗಳು ಈ ಸೀಮೆಯ ಎಲ್ಲ ಬೆಟ್ಟಗಳಿಗೂ ಒಟ್ಟಿಗೆ ಯೋಜನೆ ಮಾಡಬೇಕಾಗಿಲ್ಲ. ಚನ್ನರಾಯನದುರ್ಗ ಒಂದನ್ನೇ ತೆಗೆದುಕೊಳ್ಳಲಿ. ಅದರ ಬುಡದಿಂದ ಜಯಮಂಗಲಿ ಕಣಿವೆಯವರೆಗಿನ ಒಂದು ಕೆರೆ ಸಾಲನ್ನು ಗುರುತಿಸಿ, ಅದಕ್ಕೆ ನೀರು ತರುವ ಹಳ್ಳ, ಕಾಲುವೆಗಳ ಸರ್ವೆ ಮಾಡಿಸಿ, ಒತ್ತುವರಿ ಬಿಡಿಸಿ, ಆ ಜಲಾನಯನದೊಳಗೆ ಹೊಸ ಕಲ್ಲುಗಣಿಗೆ ಅನುಮತಿ ಕೊಡುವುದಿಲ್ಲ ಎಂದು ಆದೇಶ ಹೊರಡಿಸಲಿ. ಬರುವ ಮಳೆಗಾಲಕ್ಕೆ ಮುಂಚೆ ಇಷ್ಟು ಕೆಲಸ ಮುಗಿಸಬಹುದು. ದುರ್ಗ ಹತ್ತಲು ಬರುವ ಸ್ನೇಹಿತರಲ್ಲಿ ಒಂದು ಕೋರಿಕೆ: ಇಳಿದ ಮೇಲೆ ಹೆದ್ದಾರಿಗೆ ಅವಸರ ಬೇಡ. ಮೇಲಿನಿಂದ ಕಂಡ ಕೆರೆಗೆ ದಾರಿ ಎಲ್ಲಿ ಎಂದು ಊರವರನ್ನು ಕೇಳಿ, ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಏರಿಯ ಮೇಲೆ ನಡೆಯಿರಿ, ಅವರ ಸಮಯಕ್ಕೆ ತಕ್ಕ ಹಣ ಕೊಡಿ, ಮಧ್ಯಾಹ್ನದ ಊಟವನ್ನು ಆ ಊರಲ್ಲೇ ಮಾಡಿ.